ನಮ್ಮ ಆನೆಗೆ ಕಿವಿ ಚಿಕ್ಕದು

ಕಾಗದದಲ್ಲಿ ಪ್ರಾಣಿ ಮಡಚುತ್ತೇನೆ ಅಂದರೆ ಜನ ಕೇಳುವ ಮೊದಲ ಪ್ರಶ್ನೆ, "ಕತ್ತರಿ ಹಾಕಲ್ವಾ? ಗಮ್ಮೂ ಬೇಡ್ವಾ?" ಬೇಡ. ಒಂದು ಚೌಕ ಕಾಗದ, ಹತ್ತು ಬೆರಳು, ಸ್ವಲ್ಪ ಉಗುರು ಇದ್ದರೆ ಆಯಿತು. ಎರಡನೇ ಪ್ರಶ್ನೆ, "ಇದರಿಂದ ಏನು ಉಪಯೋಗ?" ಅದಕ್ಕೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಕ್ರಿಕೆಟ್ ನೋಡುವವರನ್ನು ಯಾರೂ ಹಾಗೆ ಕೇಳಲ್ಲ ಅಲ್ವಾ.

ನನಗೀಗ ಇಪ್ಪತ್ತು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಒರಿಗಾಮಿ ಹುಚ್ಚು ಹೈಸ್ಕೂಲಿನಿಂದ ಇದೆ. ಹೂವು, ಡಬ್ಬಿ, ನಕ್ಷತ್ರ ಎಲ್ಲ ಮಾಡುತ್ತೇನೆ. ಆದರೆ ಮನಸ್ಸೆಲ್ಲ ಪ್ರಾಣಿಗಳ ಮೇಲೆ. ಡಬ್ಬಿ ಮಡಚಿದರೆ ಡಬ್ಬಿಯೇ ಆಗುತ್ತದೆ. ನಾಯಿ ಮಡಚಿದರೆ ಅದು ನಾಯಿಯಾಗಬಹುದು, ನರಿಯಾಗಬಹುದು, ಮೂಗು ಒಂದು ಚೂರು ಉದ್ದವಾದರೆ ಮುಂಗುಸಿಯೂ ಆಗಬಹುದು. ಮಜಾ ಇರುವುದೇ ಅಲ್ಲಿ.

ಮೊದಲು ಕಾಗದದ ವಿಷಯ ಹೇಳಿಬಿಡುತ್ತೇನೆ. ಅರ್ಧ ಕೆಲಸ ಅಲ್ಲೇ ತೀರ್ಮಾನವಾಗುತ್ತದೆ. ಒರಿಗಾಮಿ ಕಾಗದ ಅಂತಲೇ ಆನ್‌ಲೈನಿನಲ್ಲಿ ಸಿಗುತ್ತದೆ. 15 ಸೆಂಟಿಮೀಟರಿನ ಚೌಕ, ಒಂದು ಬದಿ ಬಣ್ಣ, ಇನ್ನೊಂದು ಬದಿ ಬಿಳಿ. ಒಳ್ಳೆಯ ಕಾಗದವೇ. ಆದರೆ ನಾನು ಹಾಳು ಮಾಡುವ ಲೆಕ್ಕಕ್ಕೆ ಅದು ಗಿಟ್ಟುವುದಿಲ್ಲ. ನನ್ನ ಪುಣ್ಯಕ್ಕೆ ಚಿಕ್ಕಪ್ಪನದು ಪ್ರಿಂಟಿಂಗ್ ಪ್ರೆಸ್. ಕಟಿಂಗ್ ಮಷಿನ್ ಪಕ್ಕ ಒಂದು ಮೂಟೆ ತುಂಬಾ ಕಟ್‌ಪೀಸ್ ಬಿದ್ದಿರುತ್ತದೆ. ನಾನು ಬಾಗಿಲಲ್ಲಿ ಕಂಡ ಕೂಡಲೇ ಚಿಕ್ಕಪ್ಪ, "ಏನೇ ಪುಟ್ಟಿ, ಮತ್ತೆ ಮೂಟೆ ಕೆದಕೋಕೆ ಬಂದ್ಯಾ?" ಅನ್ನುತ್ತಾರೆ. "ಹೂಂ ಚಿಕ್ಕಪ್ಪ" ಅಂತ ಸೀದಾ ಮೂಟೆಯ ಹತ್ತಿರ ಕೂರುವುದು.

ಆ ಮೂಟೆಯೇ ನನಗೆ ಕಾಗದದ ಪಾಠ ಮಾಡಿದ್ದು. ಬಿಲ್ ಬುಕ್ಕಿಗೆ ಹಾಕುವ ಸಾದಾ ಕಾಗದ, 70 ಜಿಎಸ್‌ಎಂ ಮ್ಯಾಪ್‌ಲಿಥೋ, ಅಭ್ಯಾಸಕ್ಕೆ ಸಾಕು. (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅಂತ.) ಮದುವೆ ಕರೆಯೋಲೆಯ ಆರ್ಟ್ ಪೇಪರ್ ನೋಡಲು ಹೊಳಪು, ಮಡಚಿದರೆ ಮೇಲಿನ ಲೇಪ ಒಡೆದು ಬಿಳಿ ಗೆರೆ ಬೀಳುತ್ತದೆ. ನ್ಯೂಸ್‌ಪ್ರಿಂಟ್ ಎರಡು ಸಲ ಮಡಚಿ ಬಿಚ್ಚಿದರೆ ಸುಸ್ತು. ನನಗೆ ಇಷ್ಟ ಕ್ರಾಫ್ಟ್ ಪೇಪರ್. ಶಾಲೆ ಪುಸ್ತಕಕ್ಕೆ ಬೈಂಡ್ ಹಾಕುತ್ತೇವಲ್ಲ, ಅದೇ ಕಂದು ಕಾಗದ. ಅದರ ನಾರು ಉದ್ದ. ತೆಳ್ಳಗಿದ್ದರೂ ಹರಿಯುವುದಿಲ್ಲ. ಬಣ್ಣವೂ ಜಿಂಕೆಗೆ, ಮುಂಗುಸಿಗೆ, ಗುಬ್ಬಿಗೆ ಹೇಳಿ ಮಾಡಿಸಿದ್ದು.

ಗ್ರೇನ್ ಅಂದರೇನು ಅಂತ ತೋರಿಸಿದ್ದು ಕಟಿಂಗ್ ಮಷಿನಿನ ಅಣ್ಣ. ಮಿಲ್ಲಿನಲ್ಲಿ ಕಾಗದ ಓಡುವ ದಿಕ್ಕಿಗೇ ಹೆಚ್ಚಿನ ನಾರು ಮಲಗಿರುತ್ತದೆ. ಆ ದಿಕ್ಕಿಗೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡ ಹರಿದರೆ ಸೊಟ್ಟಂಬಟ್ಟ. ಮಡಿಕೆಯೂ ಹಾಗೆಯೇ. ಗ್ರೇನಿನ ಉದ್ದಕ್ಕೆ ಸಲೀಸು, ಅಡ್ಡಕ್ಕೆ ಹಟ. ತೆಳು ಕಾಗದದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ದಪ್ಪ ಕಾಗದದ ಆನೆ ಮಾಡುವಾಗ ಒಂದು ಕಿವಿ ನೆಟ್ಟಗೆ, ಇನ್ನೊಂದು ಸೊಟ್ಟ ಆದರೆ ಎಷ್ಟೋ ಸಲ ತಪ್ಪು ಬೆರಳಿನದಲ್ಲ, ಗ್ರೇನಿನದು. ಅದಕ್ಕೆ ನಾನು ಗ್ರೇನ್ ಚೌಕದ ಕರ್ಣದ ಉದ್ದಕ್ಕೆ ಬರುವ ಹಾಗೆ ಕತ್ತರಿಸಿಕೊಳ್ಳುತ್ತೇನೆ. ಪ್ರಾಣಿಯ ಬೆನ್ನೂ ಸಾಮಾನ್ಯವಾಗಿ ಆ ಕರ್ಣದ ಮೇಲೇ ಬರುತ್ತದೆ. ಹಾಗೆ ಇಟ್ಟರೆ ಎಡ ಬಲ ಎರಡೂ ಕಡೆ ಕಾಗದ ಒಂದೇ ರೀತಿ ಮಾತು ಕೇಳುತ್ತದೆ. ಗ್ರೇನ್ ಯಾವ ಕಡೆ ಅಂತ ತಿಳಿಯಲು ಒಂದು ತುಂಡಿನ ಒಂದೇ ಬದಿಗೆ ನೀರು ಸವರಿ. ಅದು ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಆ ಕೊಳವೆಯ ಉದ್ದವೇ ಗ್ರೇನಿನ ದಿಕ್ಕು.

ಇನ್ನು ಮಡಿಕೆ. ನಾನೂ ಎಲ್ಲರ ಹಾಗೆ ಜಿಗಿಯುವ ಕಪ್ಪೆಯಿಂದ ಶುರು ಮಾಡಿ ಜಪಾನಿನ ಆ ಪ್ರಸಿದ್ಧ ಕೊಕ್ಕರೆಗೆ ಬಂದೆ. ಕೊಕ್ಕರೆಗೆ ಮೊದಲು ಬರುವ ಆಕಾರಕ್ಕೆ ಬರ್ಡ್ ಬೇಸ್ ಅನ್ನುತ್ತಾರೆ. ಅದರಲ್ಲಿ ನಾಲ್ಕು ಉದ್ದ ಮೊನೆ ಸಿಗುತ್ತವೆ. ಕತ್ತು, ಬಾಲ, ಎರಡು ರೆಕ್ಕೆ. ನಡುವೆ ಒಂದು ಗಿಡ್ಡ ಉಬ್ಬು. ಕಪ್ಪೆ ಬೇಸ್, ಮೀನು ಬೇಸ್ ಅಂತ ಬೇರೆಯವೂ ಇವೆ. ಬಹಳ ದಿನ ನಾನು ಇವುಗಳನ್ನು ಮಗ್ಗಿ ಥರ ಬಾಯಿಪಾಠ ಮಾಡಿಕೊಂಡಿದ್ದೆ. ಯಾಕೆ ಹಾಗೆ ಬರುತ್ತದೆ ಅಂತ ಯೋಚಿಸಿರಲಿಲ್ಲ.

ಆಮೇಲೆ ರಾಬರ್ಟ್ ಲ್ಯಾಂಗ್ ಬಗ್ಗೆ ಓದಿದೆ. ಅಮೆರಿಕದ ಭೌತವಿಜ್ಞಾನಿ, ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬಿನಲ್ಲಿ ಕೆಲಸ ಮಾಡಿದವರು. 2001ರಲ್ಲಿ ನೌಕರಿ ಬಿಟ್ಟು ಪೂರ್ತಿ ಒರಿಗಾಮಿಗೇ ಇಳಿದರು. (ಈ ಸುದ್ದಿಯನ್ನು ನಾನು ಅಪ್ಪನಿಗೆ ಹೇಳಿಲ್ಲ.) ಕಾಗದದ ಮೇಲೆ ವೃತ್ತಗಳನ್ನು ಜೋಡಿಸಿ ಪ್ರಾಣಿಯನ್ನು ಲೆಕ್ಕ ಹಾಕುವ ವಿಧಾನ ಬೆಳೆಸಿದವರಲ್ಲಿ ಅವರೂ ಒಬ್ಬರು. ವಿಷಯ ಇಷ್ಟೇ. ಪ್ರಾಣಿಯ ಒಂದೊಂದು ಕಾಲೂ, ಕೊಂಬೂ, ಬಾಲವೂ ಕಾಗದದಲ್ಲಿ ಒಂದು ವೃತ್ತದಷ್ಟು ಜಾಗ ತಿನ್ನುತ್ತದೆ. ಕಾಲು ಎಷ್ಟು ಉದ್ದವೋ ವೃತ್ತದ ತ್ರಿಜ್ಯ ಅಷ್ಟು. ಮೂಲೆಯಿಂದ ಕಾಲು ತೆಗೆದರೆ ಕಾಲು ಭಾಗ ವೃತ್ತ ಸಾಕು. ಅಂಚಿನಿಂದ ತೆಗೆದರೆ ಅರ್ಧ ವೃತ್ತ. ಕಾಗದದ ನಡುವಿನಿಂದ ತೆಗೆದರೆ ಇಡೀ ವೃತ್ತ. ಒಂದರ ಮೇಲೆ ಒಂದು ಏರಬಾರದು.

ಇದನ್ನು ಓದಿದ ಮೇಲೆ ಒಂದು ಕೊಕ್ಕರೆಯನ್ನು ಪೂರ್ತಿ ಬಿಚ್ಚಿ ಹರಡಿ, ಕೈವಾರ ತೆಗೆದುಕೊಂಡು ಕೂತೆ. 15 ಸೆಂಟಿಮೀಟರ್ ಚೌಕ. ನಾಲ್ಕು ಮೂಲೆಯಿಂದ ಏಳೂವರೆ ಸೆಂಟಿಮೀಟರ್ ತ್ರಿಜ್ಯದ ನಾಲ್ಕು ಕಮಾನು ಎಳೆದರೆ ಅವು ಅಂಚುಗಳ ನಡುವೆ ಸರಿಯಾಗಿ ಮುಟ್ಟುತ್ತವೆ. ಅದೇ ಕತ್ತು, ಬಾಲ, ರೆಕ್ಕೆ. ಮಧ್ಯದಲ್ಲಿ ಸುಮಾರು 3 ಸೆಂಟಿಮೀಟರ್ ತ್ರಿಜ್ಯದ ಒಂದು ಸಣ್ಣ ವೃತ್ತಕ್ಕೆ ಜಾಗ ಉಳಿಯುತ್ತದೆ. ಅದು ಕೊಕ್ಕರೆಯ ಬೆನ್ನಿನ ಉಬ್ಬು! ಅಷ್ಟು ವರ್ಷ ಸುಮ್ನೆ ಅಲ್ಲಿದೆ ಅಂದುಕೊಂಡಿದ್ದ ಉಬ್ಬಿಗೆ ಒಂದು ಕಾರಣ ಸಿಕ್ಕಿತು. ಅವತ್ತು ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಗಣಿತದ ಇನ್ನೊಂದು ನಿಯಮ ನನಗೆ ದಿನಾ ಉಪಯೋಗಕ್ಕೆ ಬರುತ್ತದೆ. ಜಪಾನಿನ ಒರಿಗಾಮಿ ಕಲಾವಿದ ಜುನ್ ಮಾಯೆಕಾವಾ ಅವರ ಹೆಸರಿನದು. ಚಪ್ಪಟೆಯಾಗಿ ಮಡಚುವ ಯಾವುದೇ ಮಾದರಿಯನ್ನು ಬಿಚ್ಚಿ, ಕಾಗದದ ಒಳಗಿನ ಒಂದು ಬಿಂದು ಹಿಡಿಯಿರಿ. ಅಲ್ಲಿ ಸೇರುವ ಗೆರೆಗಳಲ್ಲಿ ಉಬ್ಬಿದವು ಎಷ್ಟು, ತಗ್ಗಿದವು ಎಷ್ಟು ಎಣಿಸಿ. ವ್ಯತ್ಯಾಸ ಯಾವಾಗಲೂ 2. ನಕ್ಷೆ ನೋಡಿ ಮಡಚುವಾಗ ಕಾಗದ ಮಲಗದೆ ಮೊಂಡು ಹಿಡಿದರೆ ನಾನು ಮೊದಲು ಇದನ್ನೇ ಎಣಿಸುವುದು. ಎಲ್ಲೋ ಒಂದು ಗೆರೆ ಉಲ್ಟಾ ಆಗಿರುತ್ತದೆ. ಅಂದ ಹಾಗೆ ಕಾಗದ ಮಡಚಿ ರೇಖಾಗಣಿತ ಕಲಿಸುವ ಪುಸ್ತಕವನ್ನು 1893ರಲ್ಲೇ ಮದ್ರಾಸಿನಲ್ಲಿ ಟಿ. ಸುಂದರ ರಾವ್ ಪ್ರಕಟಿಸಿದ್ದರು. ನಮ್ಮ ಕಡೆಗೆ ಇದೇನೂ ನಿನ್ನೆ ಮೊನ್ನೆ ಬಂದದ್ದಲ್ಲ.

ಆದರೆ ಗಣಿತ ಕೊಡುವುದು ಕಾಲುಗಳನ್ನು ಮಾತ್ರ. ಪ್ರಾಣಿಯನ್ನು ಕೊಡುವುದಿಲ್ಲ. ಅದು ಗೊತ್ತಾಗಿದ್ದು ಸಕ್ರೆಬೈಲಿನಲ್ಲಿ.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹೋದರೆ ತುಂಗಾ ಹಿನ್ನೀರಿನ ಪಕ್ಕ ಸಕ್ರೆಬೈಲು ಆನೆ ಬಿಡಾರ. ಬೆಳಿಗ್ಗೆ ಆನೆಗಳನ್ನು ಸ್ನಾನಕ್ಕೆ ನೀರಿಗೆ ಇಳಿಸುತ್ತಾರೆ. ಪುಸ್ತಕ ನೋಡಿ ಮಡಚಿದ ಒಂದು ಆನೆಯನ್ನು ಜಂಬದಿಂದ ತೆಗೆದುಕೊಂಡು ಹೋಗಿದ್ದೆ. ಅಲ್ಲಿಯ ಒಬ್ಬ ಮಾವುತರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಆಚೆ ಈಚೆ ತಿರುಗಿಸಿ ನೋಡಿದರು. "ಚೆನ್ನಾಗಿದೆ ಕಣಮ್ಮ. ಆದ್ರೆ ಇದು ನಮ್ಮ ಆನೆ ಅಲ್ಲ."

"ಯಾಕಣ್ಣಾ?"

"ಕಿವಿ ನೋಡು. ಮೊರ ಆದಂಗೆ ಆಗಿದೆ. ನಮ್ಮವಕ್ಕೆ ಅಷ್ಟು ದೊಡ್ಡ ಕಿವಿ ಎಲ್ಲಿದೆ?"

ಅವರು ಹೇಳಿದ್ದು ನಿಜ. ನಾನು ಮಡಚಿದ್ದು ಆಫ್ರಿಕಾದ ಆನೆ. ನಾನು ನೋಡಿದ ಪುಸ್ತಕ, ವಿಡಿಯೋಗಳಲ್ಲಿ ಹೆಚ್ಚಿನವು ಅದೇ. ದೊಡ್ಡ ಕಿವಿ ಮಾಡಿಬಿಟ್ಟರೆ ಯಾರಿಗಾದರೂ ಆನೆ ಅಂತ ಥಟ್ಟನೆ ಗೊತ್ತಾಗುತ್ತದೆ, ಅದಕ್ಕಿರಬೇಕು. ಅವತ್ತಿನಿಂದ ನಾನು ಅಲ್ಲಿ ಮಡಚುವುದನ್ನು ಬಿಟ್ಟು ನೋಡಲು ಕೂತೆ. ನಮ್ಮ ಆನೆಯ ಬೆನ್ನು ಮೇಲಕ್ಕೆ ಬಾಗಿರುತ್ತದೆ, ಆಫ್ರಿಕಾದ್ದಕ್ಕೆ ನಡುವೆ ತಗ್ಗು. ನಮ್ಮದಕ್ಕೆ ಮೈಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ನೆತ್ತಿ, ಅದರಲ್ಲೂ ನೆತ್ತಿ ಎರಡು ಗುಡ್ಡ ಇದ್ದ ಹಾಗೆ ನಡುವೆ ಸೀಳಿರುತ್ತದೆ. ಸೊಂಡಿಲ ತುದಿಯಲ್ಲಿ ನಮ್ಮದಕ್ಕೆ ಒಂದೇ ಬೆರಳು, ಆಫ್ರಿಕಾದ್ದಕ್ಕೆ ಎರಡು. ಇದಷ್ಟೂ ಶಾಲೆಯ ಪುಸ್ತಕದಲ್ಲಿ ಇದ್ದದ್ದೇ. ಪರೀಕ್ಷೆಗೆ ಬರೆದು ಮರೆತಿದ್ದೆ. ಕಾಗದದಲ್ಲಿ ತರಬೇಕು ಅಂದಾಗ ಮಾತ್ರ ಕಣ್ಣಿಗೆ ಬಿತ್ತು.

ಇಲ್ಲೇ ನನಗೊಂದು ಲಾಭವೂ ಆಯಿತು. ಏಷ್ಯಾದ ಹೆಣ್ಣಾನೆಗೆ ಹೊರಗೆ ಕಾಣುವ ಉದ್ದ ದಂತ ಇರುವುದಿಲ್ಲ. ದಂತ ಇಲ್ಲದ ಗಂಡೂ ಉಂಟು, ಅದಕ್ಕೆ ಮಖ್ನಾ ಅನ್ನುತ್ತಾರೆ. ದಂತ ಬೇಡ ಅಂದರೆ ಎರಡು ಮೊನೆ ಉಳಿಯಿತು. ಎರಡು ವೃತ್ತದ ಕಾಗದ ಉಳಿಯಿತು. ಹಾಗಾಗಿ ನನ್ನ ಮೊದಲ ಸ್ವಂತ ಆನೆ ಹೆಣ್ಣಾನೆ. ಚೌಕದ ಒಂದು ಮೂಲೆ ಸೊಂಡಿಲು, ಅದರ ಎದುರಿನ ಮೂಲೆ ಬಾಲ. ಎರಡು ಪಕ್ಕದ ಮೂಲೆಗಳು ಮುಂಗಾಲು. ಹಿಂಗಾಲಿಗೆ ಅಂಚಿನ ಕಾಗದ. ಕಿವಿಗೆ ಬೇರೆ ಮೊನೆಯೇ ಇಲ್ಲ. ಸೊಂಡಿಲಿಗೂ ಮುಂಗಾಲಿಗೂ ನಡುವೆ ಸಿಗುವ ಪದರವನ್ನೇ ಹೊರಗೆ ಎಳೆದರೆ ಚಿಕ್ಕ ಕಿವಿಗೆ ಸಾಕು. ದೊಡ್ಡ ಕಿವಿಯಾಗಿದ್ದರೆ ಸಾಲುತ್ತಿರಲಿಲ್ಲ. ಬಾಲಕ್ಕೆ ಬೇಕಾದ್ದು ಚೂರು, ಮಿಕ್ಕ ಕಾಗದವನ್ನು ಹೊಟ್ಟೆಯೊಳಗೆ ಮಡಚಿ ಹಾಕಿದೆ. ಅದೇ ಭಾರವಾಗಿ ಆನೆ ಮುಗ್ಗರಿಸದೆ ನಿಲ್ಲುತ್ತದೆ.

ಆದರೂ ಅದು ಚಪ್ಪಟೆ ಆನೆ. ಪಕ್ಕದಿಂದ ಆನೆ, ಎದುರಿನಿಂದ ಅಂಚೆ ಲಕೋಟೆ. ಬೆನ್ನಿನ ಆ ಬಾಗು ಬರಬೇಕಾದರೆ ಯೋಶಿಜಾವಾ ದಾರಿಗೇ ಹೋಗಬೇಕು.

ಅಕಿರಾ ಯೋಶಿಜಾವಾ ಹುಟ್ಟಿದ್ದು 1911ರಲ್ಲಿ, ಜಪಾನಿನಲ್ಲಿ. ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಕಿರಿಯರಿಗೆ ರೇಖಾಗಣಿತ ಹೇಳಿಕೊಡಲು ಕಾಗದ ಮಡಚಿ ತೋರಿಸುತ್ತಿದ್ದರು. ಆಮೇಲೆ ಕೆಲಸ ಬಿಟ್ಟು ಬಡತನದಲ್ಲೇ ಇದನ್ನು ಹಿಡಿದುಕೊಂಡು ಕೂತರು. ಜಪಾನಿನ ಒಂದು ಪತ್ರಿಕೆ ಅವರಿಂದ ರಾಶಿಚಕ್ರದ 12 ಪ್ರಾಣಿಗಳನ್ನು ಮಾಡಿಸಿ 1952ರಲ್ಲಿ ಪ್ರಕಟಿಸಿತು. ಆಮೇಲೆ ಅವರ ಹೆಸರು ಎಲ್ಲ ಕಡೆ ಹರಡಿತು. ಇವತ್ತು ಒರಿಗಾಮಿ ನಕ್ಷೆಗಳಲ್ಲಿ ಕಾಣುವ ಚುಕ್ಕಿ ಗೆರೆ, ಬಾಣದ ಗುರುತುಗಳ ಪದ್ಧತಿ ಮೂಲತಃ ಅವರದೇ. ಜಪಾನಿ ಅಕ್ಷರ ಒಂದೂ ಬಾರದ ನಾನು ಜಪಾನಿ ಪುಸ್ತಕ ನೋಡಿ ಮಡಚುತ್ತೇನೆ ಅಂದರೆ ಅದಕ್ಕೆ ಕಾರಣ ಅವರು. 2005ರಲ್ಲಿ, ತಮ್ಮ 94ನೇ ಹುಟ್ಟಿದ ದಿನವೇ, ತೀರಿಕೊಂಡರು.

ಅವರು ಕಂಡುಕೊಂಡ ಇನ್ನೊಂದು ದಾರಿ ಒದ್ದೆ ಮಡಿಕೆ. ದಪ್ಪ ಕಾಗದವನ್ನು ಸ್ವಲ್ಪ ಒದ್ದೆ ಮಾಡಿ ಮಡಚುವುದು. ಕಾಗದ ಗಟ್ಟಿಯಾಗಿರಲಿ ಅಂತ ಮಿಲ್ಲಿನಲ್ಲಿ ಗಂಜಿಯಂಥ ಅಂಟು ಸೇರಿಸಿರುತ್ತಾರೆ. ನೀರು ಬಿದ್ದರೆ ಅದು ಸಡಿಲವಾಗುತ್ತದೆ, ನಾರು ಬಾಗುತ್ತದೆ. ಒಣಗಿದ ಮೇಲೆ ಬಾಗಿದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ನಾನು ಬಳಸುವುದು ಡ್ರಾಯಿಂಗ್‌ನವರ ಕಾರ್ಟ್ರಿಡ್ಜ್ ಶೀಟ್, 130 ಜಿಎಸ್‌ಎಂ ಆಸುಪಾಸಿನದು. ನೀರು ಚಿಮುಕಿಸಬಾರದು, ಹನಿ ಬಿದ್ದಲ್ಲಿ ಗುಳ್ಳೆ ಏಳುತ್ತದೆ. ಹಳೆಯ ಪಂಚೆ ತುಂಡನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಎರಡೂ ಬದಿ ಸವರಬೇಕು. ಕಾಗದ ತಣ್ಣಗೆ ಅನ್ನಿಸಬೇಕು, ಹೊಳೆಯಬಾರದು. ಹೊಳೆದರೆ ನೀರು ಜಾಸ್ತಿಯಾಗಿದೆ, ಒಂದೆರಡು ನಿಮಿಷ ಬಿಡಿ. ಇನ್ನೊಂದು ವಿಷಯ. ಒದ್ದೆಯಾದ ಕಾಗದ ಗ್ರೇನಿಗೆ ಅಡ್ಡವಾಗಿ ಹೆಚ್ಚು ಹಿಗ್ಗುತ್ತದೆ. ಮೊದಲೇ ಚೌಕ ಕತ್ತರಿಸಿಟ್ಟರೆ ಒದ್ದೆಯಾದ ಮೇಲೆ ಅದು ಚೌಕವಾಗಿ ಉಳಿಯುವುದಿಲ್ಲ. ಅದಕ್ಕೆ ಒದ್ದೆ ಮಾಡಿಯೇ ಕತ್ತರಿಸುತ್ತೇನೆ.

ಉಗುರು ಹಾಕಿ ತೀಡುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಒದ್ದೆ ಕಾಗದದ ಮೇಲೆ ಉಗುರು ಎಳೆದರೆ ಸಿಪ್ಪೆ ಏಳುತ್ತದೆ. ಬೆರಳಿನ ಮೆತ್ತನೆ ಭಾಗದಿಂದ ಒತ್ತಿ ಹಿಡಿದು ಕಾಯುವುದು. ಆನೆಯ ಬೆನ್ನನ್ನು ಹೆಬ್ಬೆರಳಿನ ಮೇಲೆ ಕೂರಿಸಿ ಬಾಗಿಸುತ್ತೇನೆ. ನೆತ್ತಿಯ ಸೀಳಿಗೆ ಬಾಲ್‌ಪೆನ್ನಿನ ಖಾಲಿ ರೀಫಿಲ್ ತುದಿಯಿಂದ ಮೆಲ್ಲಗೆ ಒಳಕ್ಕೆ ಒತ್ತುವುದು. ಕಾಲುಗಳು ಬಿಚ್ಚಿಕೊಳ್ಳದ ಹಾಗೆ ದಾರ ಸುತ್ತಿ, ಹೊಟ್ಟೆಗೆ ಬಟ್ಟೆ ಕ್ಲಿಪ್ ಹಾಕಿ ಒಣಗಲು ಇಡುತ್ತೇನೆ. ಬೇಸಿಗೆಯಲ್ಲಿ ಇದೇನೂ ತೊಂದರೆ ಇಲ್ಲ. ಮಳೆಗಾಲದಲ್ಲಿ? ನಮ್ಮ ಕಡೆ ಜುಲೈ, ಆಗಸ್ಟಿನಲ್ಲಿ ಬಟ್ಟೆಯೇ ಒಣಗಲ್ಲ, ಆನೆ ಒಣಗುತ್ತದಾ. ಆಗ ನಾನು ಅಜ್ಜಿ ಮನೆಗೆ ಹೋದರೆ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು. ಅಡಿಕೆ ಸಿಪ್ಪೆಯ ಬೆಂಕಿ ದಿನವಿಡೀ ಸಣ್ಣಗೆ ಇರುತ್ತದೆ. ಸಂಜೆಗೆ ಆನೆ ಗಟ್ಟಿ. ಸ್ವಲ್ಪ ಹೊಗೆ ಬಣ್ಣ ಹಿಡಿಯುತ್ತದೆ, ಆನೆಗೆ ಅದೂ ಒಪ್ಪುತ್ತದೆ. "ಬಾಣಂತಿಗೆ ಕಾಸಿದ ಹಾಗೆ ಕಾಸ್ತೀಯಲ್ಲೇ" ಅಂತ ಅಜ್ಜಿ ನಗುತ್ತಾರೆ.

ಆನೆಯ ಪಾಠ ಕೊಕ್ಕರೆಗೂ ಬಂತು. ಎಲ್ಲರೂ ಮಡಚುವ ಆ ಕಾಗದದ ಹಕ್ಕಿ ಜಪಾನಿನ ಕ್ರೇನ್. ಅದು ಕತ್ತು ಮುಂದಕ್ಕೆ ಚಾಚಿಕೊಂಡೇ ಹಾರುತ್ತದೆ, ಹಾಗಾಗಿ ಕಾಗದದಲ್ಲಿ ನೆಟ್ಟಗಿನ ಕತ್ತು ಸರಿಯೇ. ಮಂಡಗದ್ದೆಯಲ್ಲಿ ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಗೂಡು ಕಟ್ಟುವ ಬೆಳ್ಳಕ್ಕಿಗಳು ಹಾಗಲ್ಲ. ಹಾರುವಾಗ ಕತ್ತನ್ನು ಎರಡು ಮಡಿಕೆ ಮಾಡಿ ಎದೆಗೆ ಒತ್ತಿಕೊಂಡಿರುತ್ತವೆ. ಅಂದರೆ ಆ ಹಕ್ಕಿ ತಾನೇ ಮಡಚಿಕೊಂಡಿದೆ! ಬರ್ಡ್ ಬೇಸಿನ ಕತ್ತಿನ ಮೊನೆಗೆ ಎರಡು ಕ್ರಿಂಪ್, ಅಂದರೆ ಒಳಗೊಂದು ಹೊರಗೊಂದು ಜೋಡಿ ಮಡಿಕೆ, ಕೊಟ್ಟು ಹಿಂದಕ್ಕೆ ತಳ್ಳಿದೆ. ಬಾಲವನ್ನು ಗಿಡ್ಡ ಮಾಡಿ, ಮಿಕ್ಕದ್ದನ್ನು ಸೀಳದೆ ಸಪೂರ ಮಾಡಿ ಎರಡೂ ಕಾಲು ಸೇರಿಸಿ ಹಿಂದಕ್ಕೆ ಚಾಚಿದ ಹಾಗೆ ಬಿಟ್ಟೆ. ಹೊಸ ಬೇಸ್ ಬೇಕಾಗಲಿಲ್ಲ. ಅದೇ ಕೊಕ್ಕರೆಗೆ ನಾಲ್ಕಾರು ಮಡಿಕೆ ಬದಲಿಸಿದ್ದು, ಅಷ್ಟೇ. ಆದರೆ ನೋಡಿದ ಕೂಡಲೇ ಅಮ್ಮ, "ಅಯ್ಯೋ, ಗದ್ದೆ ಬೆಳ್ಳಕ್ಕಿ" ಅಂದರು. ಕ್ರೇನ್ ಮಡಚಿದ್ದಾಗ ಅಮ್ಮ "ಚೆನ್ನಾಗಿದೆ" ಅನ್ನುತ್ತಿದ್ದರು, ಹಕ್ಕಿಯ ಹೆಸರು ಹೇಳುತ್ತಿರಲಿಲ್ಲ.

ನೂರಾರು ಮಡಿಕೆಯ, ಉಗುರು, ಹುರುಪೆ ಎಲ್ಲ ಇರುವ ಡ್ರ್ಯಾಗನ್‌ಗಳನ್ನು ನೋಡಿ ನಾನೂ ಬಾಯಿ ಬಿಟ್ಟಿದ್ದೇನೆ. ಜಪಾನಿನ ಒರಿಗಾಮಿ ಕಲಾವಿದ ಸತೋಶಿ ಕಾಮಿಯಾ ಅವರ ಡ್ರ್ಯಾಗನ್ ನೋಡಿದರೆ ಇದೂ ಒಂದೇ ಚೌಕವಾ ಅಂತ ನಂಬುವುದು ಕಷ್ಟ. ಆದರೆ ಮಾಡಲು ನನಗೆ ಆಸೆ ಕಡಿಮೆ. ಯಾರೂ ಕಾಣದ ಡ್ರ್ಯಾಗನ್‌ಗೆ "ಇದು ನಮ್ಮದಲ್ಲ" ಅನ್ನುವವರು ಯಾರೂ ಇಲ್ಲವಲ್ಲ.

ಬಸ್ಸಿನಲ್ಲಿ ಓಡಾಡುವವರಿಗೆ ಒಂದು ಪುಕ್ಕಟೆ ಆಟ ಹೇಳುತ್ತೇನೆ. ಮಷಿನಿನಿಂದ ಬರುವ ಟಿಕೆಟ್ ಥರ್ಮಲ್ ಕಾಗದ. ಬಿಸಿಗೆ ಕಪ್ಪಾಗುತ್ತದೆ. ಉಗುರಿನಿಂದ ಜೋರಾಗಿ ತೀಡಿದರೆ ಆ ಬಿಸಿಗೂ ಕಪ್ಪು ಗೆರೆ ಬೀಳುತ್ತದೆ. ಬೇರೆ ಪ್ರಾಣಿಗೆ ಇದು ಕಿರಿಕಿರಿ. ಹುಲಿಗೆ ವರ. ಟಿಕೆಟ್ಟನ್ನು ಚೌಕ ಮಾಡಿಕೊಂಡು, ಬೆನ್ನು ಬರುವ ಜಾಗದಲ್ಲಿ ಅಡ್ಡಡ್ಡ ಉಗುರು ಎಳೆದು ಆಮೇಲೆ ಮಡಚಿದರೆ ಪಟ್ಟೆ ಸಮೇತ ಹುಲಿ ಸಿಗುತ್ತದೆ. ಚೆಕಿಂಗ್‌ನವರು ಬರುವ ಮೊದಲು ಮಾತ್ರ ಮಡಚಬೇಡಿ.

ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಹೇಳಿಕೊಡುತ್ತೇನೆ. ಅಂಥ ದೊಡ್ಡ ಕ್ಲಾಸೇನಲ್ಲ, ನಮ್ಮ ಜಗಲಿಯಲ್ಲಿ. ಅಲ್ಲಿ ಒಂದು ನಿಯಮ. ನಾಯಿ ಮಡಚಿದ ಮೇಲೆ ಯಾರ ಮನೆಯ ನಾಯಿ ಅಂತ ಹೇಳಬೇಕು. ಆಗ ಒಬ್ಬ ಕಿವಿ ಜೋಲು ಮಾಡುತ್ತಾನೆ, ಒಬ್ಬಳು ಬಾಲವನ್ನು ಮೇಲಕ್ಕೆ ಸುರುಳಿ ಸುತ್ತುತ್ತಾಳೆ. ಗೆರೆಗೆ ಗೆರೆ ಕೂಡಿಸಿ ಮಡಚಿ ಅಂತ ಗಂಟಲು ಹರಿದುಕೊಂಡರೂ ಕೇಳದ ಮಕ್ಕಳು ಎದುರು ಮನೆ ನಾಯಿಯ ಮೂತಿ ಸರಿ ಬರಲಿಲ್ಲ ಅಂತ ತಾವೇ ಬಿಚ್ಚಿ ಮತ್ತೆ ಮಡಚುತ್ತಾರೆ.

ಸದ್ಯ ನನ್ನ ಮೇಜಿನ ಮೇಲೆ ಇರುವುದು ದೊಡ್ಡ ಮಂಗಟ್ಟೆ. ಹಳದಿ ಕೊಕ್ಕು, ಕೊಕ್ಕಿನ ಮೇಲೆ ಶಿರಸ್ತ್ರಾಣದಂಥ ಹಳದಿ ಉಬ್ಬು, ಕಪ್ಪು ಮೈ. ಒಂದು ಬದಿ ಕಪ್ಪು, ಒಂದು ಬದಿ ಹಳದಿ ಇರುವ ತೆಳು ಕಾಗದ ಬೇಕು. ಅದು ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಎರಡು ಗಾಳಿಪಟದ ಕಾಗದವನ್ನು ಬೆನ್ನಿಗೆ ಬೆನ್ನು ಅಂಟಿಸುವುದು ನನ್ನ ದಾರಿ. ಒಂದು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದೆ ಕಲಸಿ, ಪಾರದರ್ಶಕ ಆಗುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದರೆ ಅಂಟು ಸಿದ್ಧ. ಗಾಜಿನ ಮೇಲೆ ಒಂದು ಕಾಗದ ಹರಡಿ, ಬ್ರಷ್ಷಿನಿಂದ ಅಂಟು ಸವರಿ, ಇನ್ನೊಂದನ್ನು ಗುಳ್ಳೆ ಬಾರದ ಹಾಗೆ ಮೇಲೆ ಎಳೆಯುವುದು. ಬೈಂಡಿಂಗ್‌ನವರು ಹುಳ ಬಾರದಿರಲಿ ಅಂತ ಈ ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮನೆಗೆ ಮಕ್ಕಳು ಬರುತ್ತಾರೆ ಅಂತ ನಾನು ಹಾಕಲ್ಲ. ಬದಲಿಗೆ ಒಣಗಿದ ಕಾಗದವನ್ನು ಡಬ್ಬಿಯಲ್ಲಿ ಮುಚ್ಚಿಡುತ್ತೇನೆ.

ತೊಂದರೆ ಏನೆಂದರೆ ಗಾಳಿಪಟದ ಕಪ್ಪು ಕಾಗದ ಒದ್ದೆಯಾದ ಕೂಡಲೇ ಬಣ್ಣ ಬಿಡುತ್ತದೆ. ಹಳದಿ ಎಲ್ಲ ಕೊಳೆ ಹಸಿರು. ಅಂಟನ್ನು ಗಟ್ಟಿ ಮಾಡಿ ನೋಡಿದೆ, ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಕಪ್ಪು ಕ್ರಾಫ್ಟ್ ಪೇಪರ್ ಆದರೆ ಇಷ್ಟು ಬಿಡಲ್ಲ ಅನ್ನುತ್ತಾರೆ ಚಿಕ್ಕಪ್ಪ. ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ಮುಂದಿನ ಸಲ ಕಾಗದ ತರಿಸುವಾಗ ನನಗೂ ನಾಲ್ಕು ಶೀಟ್ ಹಾಕಿಸಿಕೊಡುತ್ತಾರಂತೆ. ಅಲ್ಲಿಯವರೆಗೆ ಕಂದು ಕಾಗದದಲ್ಲಿ ಕೊಕ್ಕಿನ ಮೇಲಿನ ಆ ಉಬ್ಬನ್ನು ಕೂರಿಸುವ ಅಭ್ಯಾಸ ನಡೆದಿದೆ. ಅದು ಇನ್ನೂ ಕೋಳಿ ಜುಟ್ಟಿನ ಥರವೇ ಬರುತ್ತಿದೆ.